ಹಳದಿ ತ್ರಿಕೋನದ ಹಿಂದೆ ಒಂದು ನಂಬರ್

ಇಳಕಲ್ಲಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ. ಮುಂಜಾನೆ ಶಟರ್ ಎತ್ತಿದರೆ ಸಾಕು, ಉತಾರ (ಹೊಲದ ಪಹಣಿ) ತೆಗೆದುಕೊಡಿ ಅಂತ ಒಬ್ಬರು, ಜಾತಿ-ಆದಾಯದ ಅರ್ಜಿ ಹಾಕಿ ಅಂತ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಇದೆಲ್ಲ ನಡೆಯುವುದು ಒಂದೇ ಡೆಸ್ಕ್‌ಟಾಪ್ ಮೇಲೆ. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಡಬ್ಬಿ ಇಲ್ಲ, ಪುಸ್ತಕ ಇಲ್ಲ, ಮದರ್‌ಬೋರ್ಡ್ ಜೊತೆ ಬರುವ ಸಿಡಿಯಂತೂ ಕೇಳಲೇಬೇಡಿ.

ಹೋದ ಬೇಸಿಗೆಯಲ್ಲಿ ಅದು ಬಹಳ ನಿಧಾನ ಆಯಿತು. ಪರಿಚಯದ ಹುಡುಗನೊಬ್ಬ ಬಂದು ಫಾರ್ಮ್ಯಾಟ್ ಹೊಡೆದ. ತನ್ನ ಪೆನ್‌ಡ್ರೈವ್‌ನಲ್ಲಿ ಯಾವ ಕಾಲದಿಂದಲೋ ಇದ್ದ ವಿಂಡೋಸ್ 10 ಹಾಕಿ, ಚಹಾ ಕುಡಿದು ಹೋದ. ಅವನು ಹೋದ ಮೇಲೆ ನೋಡ್ತೀನಿ, ಇಂಟರ್ನೆಟ್ ಇಲ್ಲ. ಕೇಬಲ್ ಸರಿ ಇದೆ, ರೌಟರ್ ಮಿನುಗುತ್ತಿದೆ, ಫೋನಿಗೆ ವೈಫೈ ಸಿಗುತ್ತಿದೆ. ಕಂಪ್ಯೂಟರಿಗೆ ಮಾತ್ರ ಏನೂ ಇಲ್ಲ. ಹುಡುಗನಿಗೆ ಫೋನ್ ಮಾಡಿದೆ.

"ಡ್ರೈವರ್ ಹಾಕ್ಕೊಳ್ರಿ ಅಣ್ಣಾರ, ನೆಟ್‌ನ್ಯಾಗ ಸಿಗ್ತಾವು" ಅಂದ.

ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ನೆಟ್ ಬೇಕು. ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಅಂತಾರಲ್ಲ, ಹಾಗಾಯಿತು ನನ್ನ ಕತೆ.

ಡ್ರೈವರ್ ಅಂದರೆ ಏನು ಅಂತ ಗೊತ್ತಿರದವರಿಗೆ ನಮ್ಮೂರ ಸೀರೆಯನ್ನೇ ತೋರಿಸಬಹುದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ವಿಂಡೋಸ್ ಒಡಲು, ನೆಟ್‌ವರ್ಕ್ ಚಿಪ್ ಸೆರಗು, ನಡುವಿನ ಕೊಂಡಿಗಳೇ ಡ್ರೈವರ್ ಅನ್ನುವ ಸಣ್ಣ ಸಾಫ್ಟ್‌ವೇರ್. ಎಳೆ ಲೆಕ್ಕ ತಪ್ಪಿದರೆ ಸೆರಗು ಕೂಡುವುದಿಲ್ಲ. ನಾನು ಎರಡು ದಿನ ಮಾಡಿದ್ದು ಇದನ್ನೇ, ಬೇರೆ ಸೀರೆಯ ಸೆರಗು ತಂದು ನನ್ನ ಒಡಲಿಗೆ ಜೋಡಿಸುವ ಕೆಲಸ.

ಮೊದಲು ಕ್ಯಾಬಿನೆಟ್ ಬಿಚ್ಚಿದೆ. ಬೋರ್ಡಿನ ಹೆಸರು ಸಿಕ್ಕರೆ ಸಾಕು ಅಂತ. ಪ್ರೊಸೆಸರ್ ಕೂರುವ ಲೋಹದ ಚೌಕಟ್ಟಿನ ಅಂಚಿನಲ್ಲಿ ‘ಫಾಕ್ಸ್‌ಕಾನ್’ ಅಂತ ಬರೆದಿತ್ತು. ಸಿಕ್ಕೇಬಿಟ್ಟಿತು ಅಂದುಕೊಂಡು ಅರ್ಧ ದಿನ ಫೋನಿನಲ್ಲಿ ಫಾಕ್ಸ್‌ಕಾನ್ ಮದರ್‌ಬೋರ್ಡ್ ಡ್ರೈವರ್ ಹುಡುಕಿದೆ. ಅದು ಆ ಚೌಕಟ್ಟನ್ನು ಮಾಡಿದವರ ಹೆಸರು, ಬೋರ್ಡಿನದಲ್ಲ ಅಂತ ಆಮೇಲೆ ತಿಳಿಯಿತು. ಬೋರ್ಡ್ ಬೇರೆಯವರದು. ಇದು ನನ್ನೊಬ್ಬನ ತಪ್ಪಲ್ಲ ಬಿಡಿ, ಬಹಳ ಜನ ಇಲ್ಲೇ ಬೀಳುತ್ತಾರೆ.

ಆಮೇಲೆ ಯಾರೋ ಅಂದರು, ಎಲ್ಲ ಡೆಸ್ಕ್‌ಟಾಪಿನಲ್ಲೂ ಇರೋದು ರಿಯಲ್‌ಟೆಕ್ ಚಿಪ್ಪೇ, ಸುಮ್ನೆ ಅದರ ಡ್ರೈವರ್ ಹಾಕಿ. ಜಾಸ್ತಿ ಬೋರ್ಡ್‌ಗಳಲ್ಲಿ ಇರುವುದು ಅದೇ ಹೌದು. ಫೋನಿನಲ್ಲಿ ಇಳಿಸಿಕೊಂಡೆ. ಚಾರ್ಜರ್ ಕೇಬಲ್ ಸಿಕ್ಕಿಸಿ ಕಂಪ್ಯೂಟರಿಗೆ ಕಾಪಿ ಮಾಡಿದೆ. ಸೆಟಪ್ ಒತ್ತಿದರೆ ಒಂದು ಪೆಟ್ಟಿಗೆ ಮೂಡಿತು. ರಿಯಲ್‌ಟೆಕ್ ನೆಟ್‌ವರ್ಕ್ ಕಂಟ್ರೋಲರ್ ಸಿಗಲಿಲ್ಲ, ಡೀಪ್ ಸ್ಲೀಪ್ ಮೋಡ್ ಆನ್ ಇದ್ದರೆ ಕೇಬಲ್ ಸಿಕ್ಕಿಸಿ ಅಂತ. ಆಹಾ, ಚಿಪ್ಪು ಮಲಗಿದೆ ಅಂತ ನಾನು ನಂಬಿದೆ. ಒಂದು ತಾಸು ಕೇಬಲ್ ಕಿತ್ತೆ, ಸಿಕ್ಕಿಸಿದೆ, ಕಿತ್ತೆ, ಸಿಕ್ಕಿಸಿದೆ. ಅದು ಮಲಗಿರಲಿಲ್ಲ. ಅಲ್ಲಿ ರಿಯಲ್‌ಟೆಕ್ ಇರಲೇ ಇಲ್ಲ.

ಕಂಪ್ಯೂಟರಿನ ಭಾಗಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೂ ನೋಡಿದ್ದೆ ಅನ್ನಿ. ಸ್ಟಾರ್ಟ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ‘ಅದರ್ ಡಿವೈಸಸ್’ ಕೆಳಗೆ ಹಳದಿ ತ್ರಿಕೋನ ಹೊತ್ತ ಮೂರು ಸಾಲು. ಎಥರ್ನೆಟ್ ಕಂಟ್ರೋಲರ್, ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್, ಎಸ್‌ಎಂ ಬಸ್ ಕಂಟ್ರೋಲರ್. ಕಮ್ಯುನಿಕೇಷನ್ ಅಂದರೆ ನೆಟ್ ಅಲ್ವಾ ಅಂತ ನಡುವಿನದರ ಹಿಂದೆ ಬಿದ್ದೆ. ಇಂಟೆಲ್ ಬೋರ್ಡ್‌ಗಳಲ್ಲಿ ಅದು ಮ್ಯಾನೇಜ್‌ಮೆಂಟ್ ಎಂಜಿನ್ ಅನ್ನುವ ಬೇರೆಯೇ ಭಾಗ. ಅದಕ್ಕೆ ಡ್ರೈವರ್ ಹಾಕಿದರೂ ಒಂದು ಪುಟ ತೆರೆಯುವುದಿಲ್ಲ. ಕೇಬಲ್ ಸಿಕ್ಕಿಸುವ ಪೋರ್ಟ್‌ಗೆ ಸಂಬಂಧಪಟ್ಟದ್ದು ಎಥರ್ನೆಟ್ ಕಂಟ್ರೋಲರ್ ಅನ್ನುವ ಸಾಲು ಮಾತ್ರ.

ಎರಡನೇ ದಿನ ಸಂಜೆ ಒಬ್ಬ ಕಾಕಾ ಬಂದರು. ಹಿಂದಿನ ದಿನವೂ ಬಂದಿದ್ದರು, ಹೊಲದ ಉತಾರಕ್ಕೆ.

"ತಮ್ಮಾ, ನಿನ್ನೆನೂ ನಾಳಿ ಬರ್ರಿ ಅಂದಿ. ಇವತ್ತೂ ನಾಳಿ ಅಂತಿ. ಆ ನಾಳಿ ಯಾವಾಗ ಬರತೈತಿ?"

ಉತ್ತರ ಇರಲಿಲ್ಲ. ಬಾಗಲಕೋಟೆಯಲ್ಲಿ ಡಿಪ್ಲೊಮಾ ಓದುವ ಅಕ್ಕನ ಮಗನಿಗೆ ಫೋನ್ ಹಚ್ಚಿದೆ. ಮೊದಲೇ ಹಚ್ಚಬಹುದಿತ್ತು. ಹುಡುಗರನ್ನ ಕೇಳೋದೇನು ಅನ್ನುವ ಬಿಗುಮಾನ.

"ಮಾಮಾ, ಫೋನಿಗೆ ಕೇಬಲ್ ಹಚ್ಚಿ ಕಾಪಿ ಮಾಡಿದ್ಯಲ್ಲ, ಅದೇ ಕೇಬಲ್‌ನ್ಯಾಗ ನೆಟ್ ಕೊಡಬಹುದಿತ್ತಲ್ಲ?"

ಸುಮ್ನೆ ಕೂತೆ. ಎರಡು ದಿನದಿಂದ ಅದೇ ಕೇಬಲ್ ಕೈಯಲ್ಲಿತ್ತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಅಂತ ಇರುತ್ತದಲ್ಲ, ಅದೇ ಜಾಗದಲ್ಲಿ ಯುಎಸ್‌ಬಿ ಟೆದರಿಂಗ್ ಅಂತ ಇನ್ನೊಂದು ಗುಂಡಿ ಇದೆ. ಕೇಬಲ್ ಸಿಕ್ಕಿಸಿ ಅದನ್ನು ಒತ್ತಿದರೆ ಕಂಪ್ಯೂಟರಿಗೆ ಆಂಡ್ರಾಯ್ಡ್ ಫೋನೇ ಒಂದು ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತದೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇದೆ. ಫೋನ್ ವೈಫೈಗೆ ಹತ್ತಿದ್ದರೆ ಆ ವೈಫೈಯನ್ನೇ ಹಂಚುತ್ತದೆ, ಸಿಮ್ಮಿನ ಡೇಟಾ ಖರ್ಚಾಗುವುದಿಲ್ಲ. ಒಂದು ನಿಮಿಷದೊಳಗೆ ನೆಟ್ ಬಂತು. ಕಾಕಾ ಉತಾರ ತಗೊಂಡು ಹೋದರು.

ಇಲ್ಲಿ ಒಂದು ಎಚ್ಚರ. ಸಂಜೆ ಕರೆಂಟ್ ಹೋಗಿ ರೌಟರ್ ಆಫ್ ಆದಾಗ ಫೋನ್ ತಾನಾಗಿ ಸಿಮ್ಮಿನ ಡೇಟಾಕ್ಕೆ ಹೋಯಿತು. ಯುಪಿಎಸ್ ಮೇಲಿದ್ದ ಕಂಪ್ಯೂಟರ್ ಆಗ ಅಪ್‌ಡೇಟ್ ಎಳೆಯುತ್ತಿತ್ತು. ಹಳೇ ವಿಂಡೋಸ್, ಎಳೆಯೋದು ಬಹಳ ಇತ್ತು. ದಿನದ ಡೇಟಾ ಖಾಲಿ. ತಪ್ಪು ನನ್ನದೇ. ಆ ನೆಟ್‌ವರ್ಕಿನ ಸೆಟ್ಟಿಂಗ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ (ಡೇಟಾ ಅಳೆದು ಬಳಸು ಅನ್ನುವ ಗುಂಡಿ) ಆನ್ ಮಾಡಿದ್ದರೆ ಹಾಗೆ ಆಗುತ್ತಿರಲಿಲ್ಲ. ಹೀಗೆ ಟೆದರಿಂಗ್ ಕೊಟ್ಟು ಬಿಟ್ಟರೆ ಕೆಲವು ಸಲ ವಿಂಡೋಸ್ ಅಪ್‌ಡೇಟ್ ತಾನೇ ಸರಿಯಾದ ಡ್ರೈವರ್ ತಂದುಬಿಡುತ್ತದೆ. ನನ್ನ ತಾಳ್ಮೆ ಅಷ್ಟರಲ್ಲೇ ಮುಗಿದಿತ್ತು.

ಮಾರನೇ ದಿನ ಅಳಿಯ ಫೋನಿನಲ್ಲೇ ಹೇಳುತ್ತಾ ಹೋದ, ನಾನು ಮಾಡುತ್ತಾ ಹೋದೆ. ಬೋರ್ಡಿನ ಹೆಸರು ಬಿಡು, ಚಿಪ್ಪನ್ನೇ ಕೇಳು ಅಂದ. ಡಿವೈಸ್ ಮ್ಯಾನೇಜರಿನಲ್ಲಿ ಎಥರ್ನೆಟ್ ಕಂಟ್ರೋಲರ್ ಮೇಲೆ ಡಬಲ್ ಕ್ಲಿಕ್. ‘ಡೀಟೇಲ್ಸ್’ ಅನ್ನುವ ಟ್ಯಾಬ್. ಅದರೊಳಗಿನ ‘ಪ್ರಾಪರ್ಟಿ’ ಪಟ್ಟಿ ತೆರೆದು ‘ಹಾರ್ಡ್‌ವೇರ್ ಐಡಿಸ್’ ಆರಿಸಬೇಕು. ನಾಲ್ಕು ಸಾಲು ಬಂದವು. ಮೊದಲನೆಯದು ಎಲ್ಲಕ್ಕಿಂತ ಉದ್ದ, ಕೆಳಗೆ ಹೋದಂತೆ ವಿವರ ಕಡಿಮೆ. ಬೇಕಾದ್ದು ಎರಡೇ ತುಂಡು. ‘ವಿಇಎನ್’ ಪಕ್ಕದ ನಾಲ್ಕು ಅಕ್ಷರ ಚಿಪ್ ಯಾವ ಕಂಪನಿಯದು ಅಂತ ಹೇಳುತ್ತದೆ. ‘ಡಿಇವಿ’ ಪಕ್ಕದ ನಾಲ್ಕು ಯಾವ ಚಿಪ್ ಅಂತ ಹೇಳುತ್ತದೆ. ಕೈಯಲ್ಲಿ ಬರೆದುಕೊಂಡರೆ ಎಂಟು ಹೋಗಿ ‘ಬಿ’ ಆಗುತ್ತದೆ, ಸೊನ್ನೆ ಹೋಗಿ ‘ಡಿ’ ಆಗುತ್ತದೆ. ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಮಾಡುವುದೇ ಒಳ್ಳೆಯದು, ಇಲ್ಲವೇ ಫೋಟೊ ಹೊಡೆಯಿರಿ.

ನನ್ನದರಲ್ಲಿ ವಿಇಎನ್ 8086, ಡಿಇವಿ 15ಎಫ್ಎ ಅಂತ ಇತ್ತು.

8086 ಓದುತ್ತಲೇ ಅಳಿಯ ನಕ್ಕ. "ಇಂಟೆಲ್ ಐತಿ ಮಾಮಾ." ಇಂಟೆಲ್ 1978ರಲ್ಲಿ ಹೊರತಂದ ಹೆಸರುವಾಸಿ ಪ್ರೊಸೆಸರಿನ ನಂಬರೇ 8086. ಕಂಪನಿಯ ಗುರುತಿನ ನಂಬರೂ ಅದೇ. ರಿಯಲ್‌ಟೆಕ್ ಆಗಿದ್ದರೆ 10ಇಸಿ ಇರುತ್ತಿತ್ತು, ಬ್ರಾಡ್‌ಕಾಮ್ ಆಗಿದ್ದರೆ 14ಇ4. ಇಷ್ಟು ಗೊತ್ತಿದ್ದರೆ ಮೊದಲ ದಿನವೇ ರಿಯಲ್‌ಟೆಕ್ ಸೆಟಪ್ ಪಕ್ಕಕ್ಕಿಡುತ್ತಿದ್ದೆ. 15ಎಫ್ಎ ಅಂದರೆ ಐ219-ವಿ ಅನ್ನುವ ಗಿಗಾಬಿಟ್ ಚಿಪ್, ಅದರಲ್ಲೂ 14ನೇ ಬಗೆ. ಇದು ಬರುವುದು 2021ರಿಂದ ಈಚಿನ ಬೋರ್ಡ್‌ಗಳಲ್ಲಿ. ಹುಡುಗನ ಪೆನ್‌ಡ್ರೈವಿನ ವಿಂಡೋಸ್ ಅದಕ್ಕಿಂತ ಹಳೆಯದು. ಹುಟ್ಟದ ಚಿಪ್ಪಿನ ಡ್ರೈವರ್ ಅದರಲ್ಲಿ ಎಲ್ಲಿಂದ ಬರಬೇಕು? ಹಳೇ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದರೆ ಸಾಮಾನ್ಯವಾಗಿ ನೆಟ್ ತಾನಾಗಿ ಬರುತ್ತದೆ. ಹೊಸ ಬೋರ್ಡಿಗೆ ಹಳೇ ವಿಂಡೋಸ್ ಹಾಕಿದಾಗಲೇ ಈ ಗೋಳು ಜಾಸ್ತಿ.

ನಂಬರ್ ಸಿಕ್ಕ ಮೇಲೆ ಎರಡು ದಾರಿ. ಒಂದು ಬೋರ್ಡ್ ಕಂಪನಿಯ ಸೈಟ್. ಅದಕ್ಕೆ ಬೋರ್ಡಿನ ಹೆಸರು ಬೇಕು. ಸ್ಟಾರ್ಟ್‌ನಲ್ಲಿ ‘ಸಿಸ್ಟಂ ಇನ್‌ಫರ್ಮೇಷನ್’ ತೆರೆದರೆ ಬೇಸ್‌ಬೋರ್ಡ್ ಪ್ರಾಡಕ್ಟ್ ಅಂತ ಅಲ್ಲೇ ಬರೆದಿರುತ್ತದೆ, ಸ್ಕ್ರೂ ಬಿಚ್ಚುವುದೇ ಬೇಡ. ಆದರೆ ಒಂದೇ ಹೆಸರಿನ ಬೋರ್ಡಿಗೆ ಎರಡು ಮೂರು ರಿವಿಷನ್ ಇದ್ದು, ಒಂದೊಂದರಲ್ಲಿ ಒಂದೊಂದು ಚಿಪ್ ಇರುವುದುಂಟು. ಹಾಗಾಗಿ ಅಲ್ಲಿಗೆ ಹೋದರೂ ಕೈಯಲ್ಲಿ ಚಿಪ್ಪಿನ ನಂಬರ್ ಇರಲಿ.

ಇನ್ನೊಂದು ದಾರಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್. ಅಪ್‌ಡೇಟು, ಡ್ರೈವರುಗಳನ್ನು ಹುಡುಕಿ ಇಳಿಸಿಕೊಳ್ಳುವ ಮೈಕ್ರೋಸಾಫ್ಟಿನದೇ ಸೈಟ್. ನನಗೆ ಹಿಡಿಸಿದ್ದು ಇದೇ. ಹುಡುಕುವ ಜಾಗದಲ್ಲಿ ಆ ಹಾರ್ಡ್‌ವೇರ್ ಐಡಿಯನ್ನು ಡಿಇವಿ ನಂಬರಿನ ತನಕ ಅಂಟಿಸಿದರೆ ಸಾಕು. ಪಟ್ಟಿ ಉದ್ದ ಬರುತ್ತದೆ, ಗಾಬರಿ ಬೇಡ. ತಾರೀಖು ಈಚಿನದು, ನಿಮ್ಮ ವಿಂಡೋಸ್‌ಗೆ ಸರಿಹೊಂದುವುದು, ಅದನ್ನು ಇಳಿಸಿಕೊಳ್ಳಿ. ಹೆಸರಿನ ಮೇಲೆ ಒತ್ತಿದರೆ ಆರ್ಕಿಟೆಕ್ಚರ್ ಕಾಣುತ್ತದೆ. ಅಲ್ಲಿ ‘ಎಎಂಡಿ64’ ಅಂತ ನೋಡಿ ನಾನು ಮತ್ತೆ ನಿಂತೆ. ನನ್ನದು ಇಂಟೆಲ್ ಪ್ರೊಸೆಸರ್, ಇದು ಎಎಂಡಿಯವರಿಗೆ ಅಲ್ವಾ? ಅಲ್ಲ. 64 ಬಿಟ್ ವಿಂಡೋಸ್‌ಗೆ ಇಟ್ಟ ಹೆಸರು ಅದು. ಆ ಬಗೆಯನ್ನು ಮೊದಲು ತಂದವರು ಎಎಂಡಿ, ಹೆಸರು ಹಾಗೇ ಉಳಿಯಿತು. ಇಂಟೆಲ್ ಇರುವವರೂ ಅದನ್ನೇ ಹಾಕಬೇಕು.

ಇಳಿದದ್ದು ಒಂದು ಕ್ಯಾಬ್ ಫೈಲ್, ಜಿಪ್‌ನಂತೆ ಹಲವು ಫೈಲು ಕಟ್ಟಿಟ್ಟ ಗಂಟು. ವಾಟ್ಸಾಪ್‌ನಲ್ಲಿ ಬರುವ ವಿಡಿಯೊಗಿಂತ ಚಿಕ್ಕದು. ಚಿಪ್ ಕಂಪನಿಯ ಪೂರ್ತಿ ಕಟ್ಟು ಇಳಿಸಿದ್ದರೆ ನೂರಾರು ಎಂಬಿ ಆಗುತ್ತಿತ್ತು. ಕ್ಯಾಬ್ ಮೇಲೆ ಡಬಲ್ ಕ್ಲಿಕ್ ಮಾಡಿ, ಒಳಗಿನ ಫೈಲುಗಳನ್ನೆಲ್ಲ ಆರಿಸಿ, ಬೇರೆ ಫೋಲ್ಡರಿಗೆ ಹಾಕಿದೆ. ಸೆಟಪ್ ಹುಡುಕಬೇಡಿ, ಇರುವುದಿಲ್ಲ. ಇರುವುದು ಐಎನ್ಎಫ್ ಅನ್ನುವ ಫೈಲ್, ಡ್ರೈವರ್ ಹೇಗೆ ಹಾಕಬೇಕು ಅಂತ ವಿಂಡೋಸ್‌ಗೆ ಹೇಳುವುದು ಅದೇ. ಮತ್ತೆ ಡಿವೈಸ್ ಮ್ಯಾನೇಜರಿಗೆ ಹೋಗಿ, ಆ ಹಳದಿ ಸಾಲಿನ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್. ತಾನಾಗಿ ಹುಡುಕು ಅನ್ನುವುದಲ್ಲ, ಎರಡನೆಯದು, ನನ್ನ ಕಂಪ್ಯೂಟರಿನಲ್ಲೇ ನೋಡು ಅನ್ನುವುದು. ಫೋಲ್ಡರ್ ತೋರಿಸಿದೆ. ಹತ್ತೆಣಿಸುವಷ್ಟರಲ್ಲಿ ಹಳದಿ ತ್ರಿಕೋನ ಹೋಯಿತು. ಸಾಲು ತನ್ನ ನಿಜವಾದ ಹೆಸರು ಹೊತ್ತು ‘ನೆಟ್‌ವರ್ಕ್ ಅಡಾಪ್ಟರ್ಸ್’ ಮನೆಗೆ ಬಂದು ಸೇರಿತು. ನೆಟ್ ಬಂತು.

ನಡುವೆ ಒಂದು ಸಾಫ್ಟ್‌ವೇರ್ ಬಗ್ಗೆ ಹೇಳಲು ಮರೆತೆ. ಎಲ್ಲ ಡ್ರೈವರ್ ಒಂದೇ ಒತ್ತಿಗೆ ಅಂತ ಬರುತ್ತವಲ್ಲ, ಆ ಜಾತಿಯದು. ಟೆದರಿಂಗ್ ಸಿಕ್ಕ ಖುಷಿಯಲ್ಲಿ ಹಾಕಿದ್ದೆ. ಇದ್ದಬದ್ದ ಡ್ರೈವರುಗಳೆಲ್ಲ ಕೆಟ್ಟಿವೆ ಅಂತ ಕೆಂಪು ಬಣ್ಣದಲ್ಲಿ ಹೆದರಿಸಿ, ಕೊನೆಗೆ ದುಡ್ಡು ಕೇಳಿತು. ತೆಗೆದು ಹಾಕಿದೆ. ಜೊತೆಗೆ ಬಂದ ಇನ್ನೆರಡು ಪ್ರೋಗ್ರಾಂ ತೆಗೆಯಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಆಮೇಲೆ ಓಣಿಯವರ ನಾಲ್ಕೈದು ಕಂಪ್ಯೂಟರಿಗೆ ಇದೇ ಕೆಲಸ ಮಾಡಿಕೊಟ್ಟೆ. ಎಲ್ಲವೂ ಡ್ರೈವರಿನ ರೋಗವೇ ಅಲ್ಲ. ಒಬ್ಬರ ಡೆಸ್ಕ್‌ಟಾಪಿನಲ್ಲಿ ಹಳದಿ ಗುರುತೂ ಇಲ್ಲ, ಅಡಾಪ್ಟರಿನ ಹೆಸರೂ ಇಲ್ಲ. ಹಿಂದಿನ ವಾರದ ಗುಡುಗು ಮಳೆಯಲ್ಲಿ ಕೇಬಲ್ ಸಿಕ್ಕಿಸಿಯೇ ಇಟ್ಟಿದ್ದರು. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಆನ್ ಇತ್ತು, ಆದರೂ ಕಾಣಲಿಲ್ಲ. ಚಿಪ್ ಸುಟ್ಟಿತ್ತು. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ತರಿಸಿಕೊಟ್ಟೆ. ಇನ್ನೊಬ್ಬರದರಲ್ಲಿ ಹೆಸರು ಸರಿ ಇತ್ತು, ಐಪಿ ಮಾತ್ರ 169.254 ಅಂತ ಶುರುವಾಗುತ್ತಿತ್ತು. ರೌಟರಿನಿಂದ ವಿಳಾಸ ಸಿಗದಿದ್ದಾಗ ವಿಂಡೋಸ್ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಅಲ್ಲಿ ಕೇಬಲ್ ಬದಲಿಸಿದೆ, ಸರಿ ಹೋಯಿತು. ಮತ್ತೊಬ್ಬರಲ್ಲಿ ನೆಟ್ ಇದೆ, ಪುಟ ತೆರೆದರೆ ಸುರಕ್ಷಿತ ಅಲ್ಲ ಅನ್ನುತ್ತದೆ. ಗಡಿಯಾರ ನೋಡಿದರೆ ಎಷ್ಟೋ ವರ್ಷ ಹಿಂದೆ. ಗಡಿಯಾರ ನಡೆಸುವ ಬೋರ್ಡಿನ ಸಿಆರ್2032 ಸೆಲ್ ಸತ್ತಿತ್ತು.

ಈಗ ಫಾರ್ಮ್ಯಾಟ್ ಮಾಡುವ ಮೊದಲು ಡ್ರೈವರುಗಳನ್ನು ಪೆನ್‌ಡ್ರೈವಿಗೆ ತೆಗೆದಿಡುತ್ತೇನೆ. ಪೆನ್‌ಡ್ರೈವಿನಲ್ಲಿ ಖಾಲಿ ಫೋಲ್ಡರ್ ಮೊದಲೇ ಮಾಡಿರಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪಿಎನ್‌ಪಿಯುಟಿಲ್ (pnputil) ಅನ್ನುವ ಕಮಾಂಡಿಗೆ ಎಕ್ಸ್‌ಪೋರ್ಟ್-ಡ್ರೈವರ್ (/export-driver) ಅಂತ ಸೇರಿಸಿ, ನಕ್ಷತ್ರದ ಗುರುತು ಹಾಕಿ, ಆ ಫೋಲ್ಡರಿನ ಹೆಸರು ಕೊಟ್ಟರೆ ಹೊರಗಿನಿಂದ ಹಾಕಿದ ಡ್ರೈವರುಗಳೆಲ್ಲ ಅಲ್ಲಿಗೆ ಬರುತ್ತವೆ.

ಇನ್ನೊಂದು ಕೆಲಸ ಮಾಡಿದೆ. ಒಂದು ಚೀಟಿಯಲ್ಲಿ ದಪ್ಪ ಪೆನ್ನಿನಿಂದ 8086, 15ಎಫ್ಎ ಅಂತ ಬರೆದು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳದ ಒಳಗೆ ಅಂಟಿಸಿದೆ. ಮೊನ್ನೆ ಧೂಳು ಹೊಡೆಯಲು ಅದೇ ಫಾರ್ಮ್ಯಾಟ್ ಹುಡುಗ ಬಂದಿದ್ದ. ಮುಚ್ಚಳ ಬಿಚ್ಚಿ ಚೀಟಿ ನೋಡಿದ.

"ಇದು ಯಾರ ನಂಬರ್ರಿ ಅಣ್ಣಾರ? ಹತ್ತಂಕಿ ಇಲ್ಲಲ್ಲ."

"ಚಿಪ್ಪಿಂದು" ಅಂದೆ. ಅವನು ನನ್ನ ಮುಖ ನೋಡಿ ಬ್ಲೋವರ್ ಹಚ್ಚಿದ.