ಐದು ಬಾಯ್ಲ್ಡ್ ಮಿಲ್ಲಿಗೆ ಒಂದೇ ತೊಟ್ಟಿ: ನನ್ನ ಅನುಭವ

ಗಂಗಾವತಿ ಕಡೆ ಬಾಯ್ಲ್ಡ್ ಮಿಲ್ (ಭತ್ತ ನೆನೆಸಿ, ಬೇಯಿಸಿ ಅಕ್ಕಿ ಮಾಡುವ ಮಿಲ್) ನಡೆಸುವವರಿಗೆ ನೆನೆ ನೀರಿನ, ಅಂದರೆ ಭತ್ತ ನೆನೆಸಿ ಹೊರಬಿಟ್ಟ ನೀರಿನ ವಾಸನೆ ಏನು ಅಂತ ನಾನು ಹೇಳಬೇಕಾಗಿಲ್ಲ. ನಮ್ಮ ಇಂಡಸ್ಟ್ರಿಯಲ್ ಏರಿಯಾದ ಚರಂಡಿಯಲ್ಲಿ ಈಗ ಆ ವಾಸನೆ ಇಲ್ಲ. ಐದು ಮಿಲ್ಲಿನವರು ಸೇರಿ ಆ ನೀರು ತಿಳಿ ಮಾಡಲು ಒಂದೇ ತೊಟ್ಟಿ ಕಟ್ಟಿದೆವು. "ಸಗಣಿ ನೀರು ನಂಬ್ಕೊಂಡು ಮಿಲ್ ನಡಸ್ತೀರೇನ್ರಿ ಸಾವ್ಕಾರ್ರೆ?" ಅಂತ ಕೇಳಿದವರು ಈಗ ಬಂದು ತೊಟ್ಟಿ ನೋಡಿ ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ದಾರಿಗಳನ್ನು ಹೇಳುತ್ತೇನೆ, ದುಡ್ಡು ಹೋಗಿದ್ದು ಅಲ್ಲೇ. ಸುಣ್ಣ ಹಾಕಿ ನೋಡಿದೆವು. ಹುಳಿ ತಗ್ಗಿತು, ಅಂದರೆ ಪಿಎಚ್ ಏರಿತು, ವಾಸನೆ ಮಾತ್ರ ಪೂರ್ತಿ ಹೋಗಲಿಲ್ಲ. ಸುಗ್ಗಿಯಲ್ಲಿ ದಿನಕ್ಕೆ ನಾಲ್ಕೈದು ಸಾವಿರದ ಸುಣ್ಣ ಬೇಕಾಯಿತು. ಮೇಲಿಂದ ರಾಡಿ ಗುಡ್ಡೆ ಬಿತ್ತು, ಅದನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ. ಬ್ಲೀಚಿಂಗ್ ಪೌಡರ್ ಎರಡು ದಿನದ ಮಾತು. ಆಮೇಲೆ ಒಂದು ಕಂಪನಿಯವರು ರೆಡಿಮೇಡ್ ಪ್ಲಾಂಟ್ ತಂದು ಕೂರಿಸಿದರು. ಬರೀ ಗಾಳಿ ಊದುವ ಪದ್ಧತಿ. ಇಷ್ಟು ಗಂಜಿ, ಸಕ್ಕರೆ ಇರುವ ನೀರನ್ನು ಗಾಳಿಯಿಂದಲೇ ತಿಳಿ ಮಾಡಲು ಹೋದರೆ ಮೋಟಾರು ಹಗಲು ರಾತ್ರಿ ತಿರುಗಬೇಕು. ಕರೆಂಟ್ ಬಿಲ್ಲು ತಿಂಗಳಿಗೆ ಲಕ್ಷ ದಾಟಿತು, ನೊರೆ ರಸ್ತೆಗೆ ಬಂತು. ಹದಿನೆಂಟು ಲಕ್ಷವೋ ಇಪ್ಪತ್ತೋ ಕೊಟ್ಟಿದ್ದೆವು. ಆ ಮೋಟಾರುಗಳಲ್ಲಿ ಎರಡು ಈಗಲೂ ಉಪಯೋಗದಲ್ಲಿವೆ, ಅಷ್ಟೇ ಉಳಿದಿದ್ದು.

ಕೆಲಸ ಮಾಡಿದ್ದು ಗೋಬರ್ ಗ್ಯಾಸ್ ಲೆಕ್ಕಾಚಾರ. ಮುಚ್ಚಿದ ತೊಟ್ಟಿ, ಒಳಗೆ ಗಾಳಿ ಇಲ್ಲ. ಒಂದು ಕಿಲೋ ಭತ್ತಕ್ಕೆ ಹೆಚ್ಚುಕಮ್ಮಿ ಒಂದು ಲೀಟರ್ ನೆನೆ ನೀರು ಹೊರಬೀಳುತ್ತದೆ. ಐದೂ ಮಿಲ್ಲಿನದು ಸೇರಿ ಸುಗ್ಗಿಯಲ್ಲಿ ದಿನಕ್ಕೆ ಎರಡು ಲಕ್ಷ ಲೀಟರ್. ಮೂರು ದಿನದ ನೀರು ನಿಲ್ಲುವಷ್ಟು ತೊಟ್ಟಿ ಕಟ್ಟಿದೆವು. ಪೈಪು, ಕೊನೆಗೆ ಗಾಳಿ ಊದುವ ಸಣ್ಣ ತೊಟ್ಟಿ ಎಲ್ಲಾ ಸೇರಿ ಎಂಬತ್ತು ಲಕ್ಷದ ಆಚೀಚೆ ಆಯಿತು.

ಮುಖ್ಯವಾದದ್ದು ಇದು: ಈ ಪೈಪಿಗೆ ನೆನೆ ನೀರು ಬಿಟ್ಟು ಬೇರೇನೂ ಬರಬಾರದು. ಮಳೆ ನೀರು, ಬಚ್ಚಲ ನೀರು, ಬೂದಿ ತೊಳೆದ ನೀರು ಎಲ್ಲಾ ಬೇರೆ. ಇದನ್ನು ಒಪ್ಪಿಸುವುದಕ್ಕೆ ತೊಟ್ಟಿ ಕಟ್ಟುವುದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಶುರುವಿನಲ್ಲಿ ಸಗಣಿ ರಾಡಿಯನ್ನು ಜರಡಿ ಹಿಡಿದು ತುಂಬಿಸಿದೆವು. ಮೊದಲು ಹತ್ತರಲ್ಲಿ ಒಂದು ಪಾಲು ನೆನೆ ನೀರು, ಆಮೇಲೆ ನಿಧಾನಕ್ಕೆ ಏರಿಸಿದೆವು. ಪೂರ್ತಿ ನೀರು ಬಿಡಲು ಸುಮಾರು ಮೂರು ತಿಂಗಳು ಬೇಕು. ಅವಸರ ಮಾಡಿದರೆ ತೊಟ್ಟಿ ಹುಳಿಯಾಗಿ ಎಲ್ಲಾ ಹೋಯಿತು. ಬೆಳಿಗ್ಗೆ ಪಿಎಚ್ ನೋಡಿ, ಆರೂವರೆಗಿಂತ ಕೆಳಗಿದ್ದರೆ ನೀರು ನಿಲ್ಲಿಸಿಬಿಡಿ. ಸುಣ್ಣ ಈಗ ಬೇಕಾಗುವುದು ಅಂಥ ದಿನ ಮಾತ್ರ.

ನೆನೆ ನೀರು 60–70 ಡಿಗ್ರಿ ಬಿಸಿ ಇರುತ್ತದೆ. ಹಾಗೇ ಬಿಟ್ಟರೆ ತೊಟ್ಟಿಯೊಳಗೆ ಕೊಳೆ ತಿಂದು ಗ್ಯಾಸ್ ಮಾಡುವ, ಕಣ್ಣಿಗೆ ಕಾಣದ ಹುಳು ಸಾಯುತ್ತವೆ. ಅದನ್ನು ತಣ್ಣಗೆ ಮಾಡುವ ನೆಪದಲ್ಲಿ, ಮುಂದಿನ ಬ್ಯಾಚಿನ ತಣ್ಣೀರಿನ ಟ್ಯಾಂಕಿನೊಳಗೆ ಕಾಯಿಲ್ (ಸುರುಳಿ ಪೈಪು) ಹಾಕಿ ಹಾಯಿಸಿದೆವು. ಆ ತಣ್ಣೀರು ಅಷ್ಟು ಬಿಸಿಯಾಗಿ ಸಿಗುತ್ತದೆ, ಬಾಯ್ಲರಿಗೆ ಉರಿಸುವ ಹೊಟ್ಟು ಉಳಿಯುತ್ತದೆ. ಕಾಯಿಲಿಗೆ ಗಂಜಿ ಕಟ್ಟದ ಹಾಗೆ ಏನು ಮಾಡಿದ್ದೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಫಿಟ್ಟರ್ ಮೂರು ಸುಗ್ಗಿ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು ಅದು.

ಮುಚ್ಚಿದ ತೊಟ್ಟಿ ಆದಮೇಲೆ ಸಣ್ಣ ಗಾಳಿ ತೊಟ್ಟಿ. ಹೊಳೆ, ಹಳ್ಳಕ್ಕೆ ಬಿಡುವ ನೀರಿಗೆ ಬಿಒಡಿ (ನೀರಿನಲ್ಲಿ ಉಳಿದ ಕೊಳೆಯ ಅಳತೆ, ಲೀಟರಿಗೆ ಮಿಲಿಗ್ರಾಂ ಲೆಕ್ಕ) 30ರೊಳಗೆ, ಭೂಮಿಗೆ ಹಾಯಿಸುವುದಕ್ಕೆ 100ರೊಳಗೆ ಇರಬೇಕು ಅಲ್ವಾ? ನಮ್ಮದು ಬಹಳ ಸಲ 30ರ ಒಳಗೇ ಬರುತ್ತದೆ. ಆದರೂ ಹಳ್ಳಕ್ಕೆ ಬಿಡುವುದಿಲ್ಲ. ರಸ್ತೆ ಬದಿಯ ಹೊಂಗೆ, ಬೇವಿಗೆ ಹೋಗುತ್ತದೆ, ಲಾರಿ ಓಡಾಡುವ ಕಡೆ ಧೂಳಿಗೆ ಚಿಮುಕಿಸುತ್ತೇವೆ. ಕೊನೆ ಹೊಂಡದಲ್ಲಿ ದನಕ್ಕೆ ಅಂತ ಅಜೋಲಾ (ನೀರ ಮೇಲೆ ತೇಲಿ ಬೆಳೆಯುವ ಮೇವು) ಬಿಟ್ಟು ನೋಡಿದೆ. ಚಳಿಗಾಲದಲ್ಲಿ ಹೊಂಡ ತುಂಬಾ ಹಸಿರು. ನಮ್ಮ ಏಪ್ರಿಲ್ ಬಿಸಿಲಿಗೆ ಉಳಿಯಲಿಲ್ಲ. ನೆರಳು ಪರದೆ ಕಟ್ಟಿ ಇನ್ನೊಮ್ಮೆ ನೋಡುವ ಆಸೆ ಇದೆ. ಗ್ಯಾಸಿನಲ್ಲಿ ಹಮಾಲರ ಚಹಾ, ಅಡುಗೆ ಆಗುತ್ತದೆ.

ಖರ್ಚು ಹಂಚುವುದೇ ದೊಡ್ಡ ತಲೆನೋವಾಗಿತ್ತು. ಸಮಪಾಲು ಅಂದರೆ ಸಣ್ಣ ಮಿಲ್ಲಿನವರು ಒಪ್ಪಲಿಲ್ಲ. ಪೈಪಿಗೆ ಮೀಟರ್ ಹಾಕಿಸಿದರೆ ಹೊಟ್ಟು ಸಿಕ್ಕಿ ನಿಂತುಬಿಡುತ್ತಿತ್ತು, ಜಗಳ ಇನ್ನೂ ಜೋರಾಯಿತು. ಕೊನೆಗೆ ಒಂದು ನೆನೆ ಟ್ಯಾಂಕ್ ಖಾಲಿಯಾದರೆ ಇಷ್ಟು ರೂಪಾಯಿ ಅಂತ ಮಾಡಿದೆವು. ಟ್ಯಾಂಕಿನ ಅಳತೆ ಎಲ್ಲರಿಗೂ ಗೊತ್ತು, ಬ್ಯಾಚ್ ಎಷ್ಟಾಯಿತು ಅನ್ನುವುದು ಹಮಾಲರಿಗೂ ಗೊತ್ತು. ಸುಳ್ಳು ಹೇಳಲು ಜಾಗವಿಲ್ಲ. ಇವತ್ತಿನವರೆಗೆ ತಕರಾರು ಬಂದಿಲ್ಲ.

ಉಳಿದ ಖರ್ಚು ಬೂದಿಯಿಂದ ತೂಗುತ್ತದೆ. ಟನ್ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು. ಅಷ್ಟನ್ನೂ ಉರಿಸಿದರೆ 40 ಕಿಲೋ ಬೂದಿ. ಹಿಂದೆ ಅದಕ್ಕೆ ನೀರು ಹೊಡೆದು, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ರಸ್ತೆ ಬದಿ ಸುರಿಸುತ್ತಿದ್ದೆವು. ಆಷಾಢದ ಗಾಳಿಗೆ ಅದು ಊರ ಮೇಲೆಲ್ಲಾ ಹಾರುತ್ತಿತ್ತು. ಈಗ ನೀರು ಮುಟ್ಟಿಸದೆ, ಸ್ಕ್ರೂ ಕನ್ವೇಯರಿನಿಂದ ನೇರ ಜಂಬೋ ಚೀಲಕ್ಕೆ. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕಿನ ಮೇಲೆ ಶಾಖ ಹೋಗದ ಹಾಗೆ ಇದನ್ನು ಹರಡುತ್ತಾರೆ. ಅಂಥ ಕಾರ್ಖಾನೆಗಳಿರುವ ಗಿಣಗೇರಾ, ತೋರಣಗಲ್ಲು ನಮಗೇನು ದೂರವೇ? ಒಣಗಿದ, ಕಲ್ಲಿಲ್ಲದ ಬೂದಿ ಇದ್ದರೆ ಅವರೇ ಲಾರಿ ಕಳಿಸುತ್ತಾರೆ. ಯಾವ ವ್ಯಾಪಾರಿ, ಯಾವ ರೇಟು ಅಂತ ಕೇಳಬೇಡಿ. ತೊಟ್ಟಿ ನೋಡುವ ಇಬ್ಬರ ಸಂಬಳ, ಕರೆಂಟು ಅದರಲ್ಲೇ ಹೊರಡುತ್ತದೆ.

2023ರ ಬರದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬರಲಿಲ್ಲ. ಮಿಲ್ಲುಗಳು ನಿಂತವು. ತೊಟ್ಟಿ ಸತ್ತೇ ಹೋಯಿತು ಅಂದರು. ಸಾಯುವುದಿಲ್ಲ, ಹಸಿದು ಸುಮ್ನೆ ಮಲಗುತ್ತದೆ. ವಾರಕ್ಕೊಮ್ಮೆ ಹುಳ ಹಿಡಿದ ನುಚ್ಚಿನ ಗಂಜಿ ಹಾಕಿಸುತ್ತಿದ್ದೆ. ಭತ್ತ ಬಂದಮೇಲೆ ಹದಿನೈದು ದಿನದೊಳಗೆ ಪೂರ್ತಿ ನೀರು ತೆಗೆದುಕೊಂಡಿತು.

ಈಗ ಇನ್ನೆರಡು ಮಿಲ್ಲಿನವರು ಸೇರುತ್ತೇವೆ ಅನ್ನುತ್ತಿದ್ದಾರೆ. ಬರಲಿ. ಆದರೆ ಮೊದಲು ಅವರ ಮಿಲ್ಲಿನೊಳಗೆ ನೆನೆ ನೀರಿನ ಪೈಪು ಬೇರೆ ಆಗಬೇಕು. ನಾನೇ ಹೋಗಿ ನೋಡಿದ ಮೇಲೆ ನಮ್ಮ ಪೈಪಿಗೆ ಜೋಡಣೆ.