ಮನೆಯಲ್ಲಿ ಆಕ್ಸಿಜನ್ ಮಷಿನ್ ಇದೆಯಾ? ಕ್ಯಾಲಿಫೋರ್ನಿಯಾದಲ್ಲಿ ಕರೆಂಟ್ ಬಿಲ್ ಇಳಿಸಿಕೊಳ್ಳುವುದು ಹೀಗೆ

ಗ್ರೀನ್ ಕಾರ್ಡ್ ಸಿಕ್ಕ ಅಮ್ಮ ಫ್ರೀಮಾಂಟ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ನಿಮ್ಮ ಜೊತೆಗೇ ಇದ್ದಾರೆ, ಅವರ ಆಕ್ಸಿಜನ್ ಕಾನ್ಸಂಟ್ರೇಟರ್ ಹಗಲು ರಾತ್ರಿ ಓಡುತ್ತಿದೆ ಅಂದುಕೊಳ್ಳಿ. 350 ವಾಟ್ ಮಷಿನ್ ಆದರೆ ತಿಂಗಳಿಗೆ ಸುಮಾರು 250 ಯೂನಿಟ್. ಅಲ್ಲಿನ ದರಕ್ಕೆ ಇದು ಸಣ್ಣ ಮೊತ್ತವಲ್ಲ. ಇಂಥ ಮನೆಗಳಿಗೆ 'ಮೆಡಿಕಲ್ ಬೇಸ್‌ಲೈನ್' ಅಂತ ಸೌಲಭ್ಯವಿದೆ. ನಮ್ಮ ಸಂಬಳಕ್ಕೆ ಇದೆಲ್ಲ ಎಲ್ಲಿ ಕೊಡ್ತಾರೆ ಅಂತ ಸುಮ್ನೆ ಕೂರಬೇಡಿ. ಇದಕ್ಕೆ ಆದಾಯದ ಮಿತಿಯೇ ಇಲ್ಲ.

ಮೊದಲು ಬಿಲ್ ತೆಗೆದು ಕಂಪನಿ ಯಾವುದು ನೋಡಿ. ಉತ್ತರದಲ್ಲಿ ಹೆಚ್ಚಿನ ಕಡೆ ಪಿಜಿ ಅಂಡ್ ಇ, ದಕ್ಷಿಣದಲ್ಲಿ ಎಡಿಸನ್ ಅಥವಾ ಸ್ಯಾನ್ ಡಿಯಾಗೋ ಗ್ಯಾಸ್ ಅಂಡ್ ಎಲೆಕ್ಟ್ರಿಕ್. ಸಾಂತಾ ಕ್ಲಾರಾ, ಪಾಲೋ ಆಲ್ಟೋದಲ್ಲಿ ಕರೆಂಟ್ ಕೊಡುವುದು ನಗರಾಡಳಿತವೇ, ಅಲ್ಲಿ ಅವರನ್ನೇ ಕೇಳಬೇಕು.

ಆಮೇಲೆ ಅರ್ಹತೆ. ರೋಗಿ ಅದೇ ಮನೆಯಲ್ಲಿ ಖಾಯಂ ವಾಸವಿರಬೇಕು, ಬಿಲ್ ಮಾತ್ರ ಅವರ ಹೆಸರಲ್ಲೇ ಇರಬೇಕಿಲ್ಲ. ವೆಂಟಿಲೇಟರ್, ಮನೆಯಲ್ಲೇ ಮಾಡುವ ಡಯಾಲಿಸಿಸ್, ಕರೆಂಟಿನ ಗಾಲಿಕುರ್ಚಿ ಎಲ್ಲಕ್ಕೂ ಸಿಗುತ್ತದೆ. ಮಷಿನ್ ಇಲ್ಲದಿದ್ದರೂ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಶ್ವವಾಯು ಥರದ ಕಾಯಿಲೆಗೆ ಮನೆಯನ್ನು ವಿಶೇಷವಾಗಿ ಬೆಚ್ಚಗೆ ಅಥವಾ ತಂಪಾಗಿ ಇಡಲೇಬೇಕು ಅಂತ ಡಾಕ್ಟರ್ ಬರೆದುಕೊಟ್ಟರೆ ಅರ್ಜಿ ಹಾಕಬಹುದು.

ಕಂಪನಿಯ ವೆಬ್‌ಸೈಟ್‌ನಲ್ಲಿ ಫಾರ್ಮ್ ಇದೆ. ನಿಮ್ಮ ಭಾಗ ತುಂಬುವುದು ಹತ್ತು ನಿಮಿಷದ ಕೆಲಸ, ಕಷ್ಟ ಇರುವುದು ಇನ್ನೊಂದು ಭಾಗದಲ್ಲಿ, ಯಾಕೆಂದರೆ ಅದನ್ನು ಡಾಕ್ಟರ್ ತುಂಬಿ ಸಹಿ ಹಾಕಬೇಕು, ಅವರ ಆಫೀಸಿನ ರಾಶಿ ಕಾಗದದಲ್ಲಿ ನಿಮ್ಮದು ತಿಂಗಳುಗಟ್ಟಲೆ ಮಲಗಿಬಿಡಬಹುದು. ಹೀಗಾಗಿ ಮುಂದಿನ ಚೆಕಪ್‌ಗೆ ಹೋಗುವಾಗ ಫಾರ್ಮ್ ಕೈಯಲ್ಲಿ ಹಿಡಿದೇ ಹೋಗಿ, ಮಷಿನ್ ಹೆಸರು ಮೊದಲೇ ಬರೆದುಕೊಂಡಿರಿ. ನರ್ಸ್ ಪ್ರ್ಯಾಕ್ಟಿಷನರ್ ಸಹಿಯೂ ನಡೆಯುತ್ತದೆ.

ಸಿಗುವುದೇನು? ಪುಕ್ಕಟೆ ಕರೆಂಟ್ ಅಲ್ಲ. ಊರಲ್ಲಿ ಮೊದಲಿದ್ದ ಸ್ಲ್ಯಾಬ್ ಥರ, ಕಡಿಮೆ ದರದ ಯೂನಿಟ್‌ಗಳ ಮಿತಿ ಏರುತ್ತದೆ, ಪಿಜಿ ಅಂಡ್ ಇಯಲ್ಲಿ ತಿಂಗಳಿಗೆ ಸುಮಾರು 500 ಯೂನಿಟ್ ಹೆಚ್ಚುವರಿ, ಎಡಿಸನ್‌ನಲ್ಲಿ ದಿನಕ್ಕೆ 16.5 ಯೂನಿಟ್ ಹೆಚ್ಚುವರಿ. ಎಲೆಕ್ಟ್ರಿಕ್ ಕಾರಿನ ಪ್ಲಾನ್‌ನಲ್ಲಿ ಇಂಥ ಮಿತಿ ಇರುವುದಿಲ್ಲ, ಅಂಥವರಿಗೆ ಪಿಜಿ ಅಂಡ್ ಇ 12% ರಿಯಾಯಿತಿ ಕೊಡುತ್ತದೆ. ಆದಾಯ ಕಡಿಮೆಯಿದ್ದರೆ 'ಕೇರ್' ಯೋಜನೆಗೂ ಬೇರೆ ಅರ್ಜಿ ಹಾಕಿ, ಎರಡೂ ಒಟ್ಟಿಗೆ ಸಿಗುತ್ತವೆ, ಕೇರ್‌ನಿಂದ ಕರೆಂಟ್ ಬಿಲ್ 30ರಿಂದ 35% ಇಳಿಯುತ್ತದೆ. ಒಮ್ಮೆ ಸಿಕ್ಕಿತು ಅಂತ ಮರೆಯಬೇಡಿ. ಆಗಾಗ ನವೀಕರಣದ ಪತ್ರ ಬರುತ್ತದೆ, ಉತ್ತರಿಸದಿದ್ದರೆ ಹೆಸರು ಹೋಗುತ್ತದೆ.

ನನ್ನ ಪ್ರಕಾರ ದುಡ್ಡಿಗಿಂತ ದೊಡ್ಡ ಲಾಭ ಬೇರೆಯೇ ಇದೆ. ಕಾಳ್ಗಿಚ್ಚಿನ ಭಯಕ್ಕೆ 2019ರ ಅಕ್ಟೋಬರ್‌ನಲ್ಲಿ ಮಾಡಿದ ಹಾಗೆ ಕಂಪನಿ ತಾನೇ ಕರೆಂಟ್ ತೆಗೆಯುವಾಗ, ಈ ಪಟ್ಟಿಯಲ್ಲಿರುವ ಮನೆಗಳಿಗೆ ಎಚ್ಚರಿಕೆ ಕೊಡಲು ಹೆಚ್ಚಿನ ಪ್ರಯತ್ನ ಮಾಡುತ್ತಾರೆ, ಫೋನ್ ಎತ್ತದಿದ್ದರೆ ಮನೆ ಬಾಗಿಲಿಗೂ ಬರುತ್ತಾರೆ. ಹಾಗಂತ ಕರೆಂಟ್ ಹೋಗುವುದಿಲ್ಲ ಅಂತಲ್ಲ, ಒಂದು ತುಂಬಿದ ಸಿಲಿಂಡರ್ ಮನೆಯಲ್ಲಿರಲಿ. ಫೋನ್ ನಂಬರ್ ಬದಲಾದರೆ ಅದೇ ದಿನ ಕಂಪನಿಗೆ ತಿಳಿಸಿ.