ಮಗುವಿನ ಆರೈಕೆಗೆ ಸಾಧನ ಆರಿಸುವ ಬಗೆ: ಅಂಗವೈಕಲ್ಯವಿರುವ ತಾಯಂದಿರಿಗೊಂದು ಕೈಪಿಡಿ

ಅಂಗವೈಕಲ್ಯವಿರುವ ಮಹಿಳೆ ಗರ್ಭಿಣಿಯೆಂದು ತಿಳಿದೊಡನೆ ಸುತ್ತಲಿನವರು ಮೊದಲು ಕೇಳುವುದು, ಮಗುವನ್ನು ಹೇಗೆ ನೋಡಿಕೊಳ್ಳುತ್ತೀಯ ಎಂದು. ಬಹಳಷ್ಟು ಸಲ ಈ ಪ್ರಶ್ನೆಯಲ್ಲಿ ಕಾಳಜಿಗಿಂತ ಅನುಮಾನವೇ ಹೆಚ್ಚು. ಅನುಮಾನಕ್ಕೆ ಇತಿಹಾಸವೂ ಇದೆ: 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬಕ್ ವಿರುದ್ಧ ಬೆಲ್ ಪ್ರಕರಣದಲ್ಲಿ, ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಲಾದವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು ಎತ್ತಿಹಿಡಿಯಿತು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿ ಇದಕ್ಕೆ ತದ್ವಿರುದ್ಧವಾಗಿ, ತಂದೆತಾಯಿಯ ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ಅವರಿಂದ ಅಗಲಿಸಬಾರದು, ಮಗುವನ್ನು ಬೆಳೆಸಲು ಅವರಿಗೆ ತಕ್ಕ ನೆರವನ್ನೂ ಒದಗಿಸಬೇಕು ಎನ್ನುತ್ತದೆ. ನೆರವಿಗಾಗಿ ಅರ್ಜಿ ಬರೆಯುವಾಗ ಈ ವಿಧಿಯನ್ನು ಸಂಖ್ಯೆಸಹಿತ ಉಲ್ಲೇಖಿಸುವುದು ಒಳ್ಳೆಯದು.

ಸಾಧನಗಳ ಹುಡುಕಾಟವನ್ನು ಅಂಗಡಿಯ ಪಟ್ಟಿಯಿಂದಲೋ ರೋಗನಿದಾನದ ಹೆಸರಿನಿಂದಲೋ ಆರಂಭಿಸಬೇಡಿ. ಒಂದೇ ನಿದಾನವಿರುವ ಇಬ್ಬರು ತಾಯಂದಿರ ಕೈಗಳಿಗೆ, ದಣಿವಿಗೆ, ಮನೆಗೆ ಬೇಕಾದದ್ದು ಒಂದೇ ಆಗಿರುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯೆ ರೀಟಾ ಶರೋನ್ ಬೆಳೆಸಿದ, ರೋಗಿಯ ಕಥನಕ್ಕೆ ಕಿವಿಗೊಡುವ ಕಥನ ವೈದ್ಯಶಾಸ್ತ್ರ ಸೇರಿದಂತೆ, ಸಾಹಿತ್ಯ, ತತ್ವಶಾಸ್ತ್ರಗಳ ಮೂಲಕ ವೈದ್ಯಕೀಯವನ್ನು ನೋಡುವ ವೈದ್ಯಕೀಯ ಮಾನವಿಕ ಕ್ಷೇತ್ರ ಒತ್ತಿ ಹೇಳುವುದು ಇದನ್ನೇ: ಕಡತದಲ್ಲಿರುವ ದೇಹದ ವಿವರ ಒಂದು, ಆ ದೇಹದಲ್ಲಿ ಬದುಕುವವರು ಹೇಳುವ ಕಥನ ಇನ್ನೊಂದು, ಎರಡನೆಯದನ್ನು ಕೇಳದೆ ಕೊಟ್ಟ ಚಿಕಿತ್ಸೆ ಅಪೂರ್ಣ. ಈ ಮಾತು ತೊಟ್ಟಿಲಿಗೂ ಅನ್ವಯಿಸುತ್ತದೆ.

ಆದ್ದರಿಂದ ಹೆರಿಗೆಗೆ ಕೆಲವು ತಿಂಗಳಿರುವಾಗಲೇ ಆರೈಕೆಯ ಒಂದು ಪೂರ್ತಿ ದಿನವನ್ನು ಸಣ್ಣಸಣ್ಣ ಕ್ರಿಯೆಗಳಾಗಿ ಬಿಡಿಸಿ ಬರೆಯಿರಿ, ಬರೆಯಲಾಗದಿದ್ದರೆ ಫೋನಿನಲ್ಲಿ ಹೇಳಿ ದಾಖಲಿಸಿ. ಡಯಾಪರ್ ಬದಲಿಸುವುದೆಂದರೆ ಮಗುವಿನ ಬಳಿ ಸಾಗುವುದು, ಬಾಗುವುದು, ಕತ್ತಿಗೆ ಆಸರೆ ಕೊಟ್ಟು ಎತ್ತುವುದು, ಎತ್ತಿಕೊಂಡು ಚಲಿಸುವುದು, ಇಳಿಸುವುದು, ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಪಟ್ಟಿ ಬಿಡಿಸುವುದು. ಪ್ರತಿಯೊಂದರ ಮುಂದೆ ನೀವು ಸಲೀಸಾಗಿ ಮಾಡಬಲ್ಲದ್ದು ಯಾವುದು, ಮಾಡಿದರೂ ದಣಿಸುವುದು ಯಾವುದು, ಸಾಧನವೋ ಇನ್ನೊಬ್ಬರ ಕೈಯೋ ಬೇಕಾದದ್ದು ಯಾವುದು ಎಂದು ಗುರುತು ಹಾಕಿ. ನವಜಾತ ಶಿಶುವಿನಷ್ಟು, ಅಂದರೆ ಸುಮಾರು 3 ಕಿಲೋ ತೂಗುವ ಗೊಂಬೆಯೊಂದನ್ನಿಟ್ಟು ಪ್ರತಿ ಹಂತವನ್ನೂ ಮಾಡಿ ನೋಡಿ. ಕಷ್ಟವಿರುವುದು ಹೆಚ್ಚಾಗಿ ಒಂದು ಜಾಗದಿಂದ ಇನ್ನೊಂದಕ್ಕೆ ಮಗುವನ್ನು ದಾಟಿಸುವ ನಡುವಿನ ಕ್ಷಣಗಳಲ್ಲಿ ಎಂಬುದು ಆಗ ಸ್ಪಷ್ಟವಾಗುತ್ತದೆ.

ವೀಲ್‌ಚೇರ್ ಬಳಸುವ ತಾಯಿಗೆ ಸಾಮಾನ್ಯ ತೊಟ್ಟಿಲಿನ ಕಂಬಿ ಮೇಲಿನಿಂದ ಕೈಚಾಚಿ ಮಗುವನ್ನು ಎತ್ತುವುದು ಭುಜಕ್ಕೆ ಹಾನಿಕರ, ಮಗುವಿಗೂ ಅಪಾಯಕರ. ಮೊಣಕಾಲು ಅಡಿಗೆ ಹೋಗುವಷ್ಟು ಎತ್ತರವಿರುವ, ಒಂದು ಬದಿ ಬಾಗಿಲಿನಂತೆ ತೆರೆದು ಭದ್ರವಾಗಿ ಚಿಲಕ ಬೀಳುವ ತೊಟ್ಟಿಲಿದ್ದರೆ ಮಗುವನ್ನು ಎತ್ತುವ ಬದಲು ಮಡಿಲಿಗೆ ಜಾರಿಸಿಕೊಳ್ಳಬಹುದು. ತಾಯಿಯ ಸೊಂಟಕ್ಕೆ ಬಿಗಿಯುವ ಪಟ್ಟಿಯುಳ್ಳ ಮಡಿಲ ದಿಂಬು ಎರಡೂ ಕೈಗಳನ್ನು ಚಕ್ರಕ್ಕೆ ಬಿಟ್ಟುಕೊಡುತ್ತದೆ. ಆದರೆ ಮಗುವಿನ ಗದ್ದ ಎದೆಗೆ ಒತ್ತದಂತೆ, ಮುಖ ಸದಾ ಕಾಣುವಂತೆ ನೋಡಿಕೊಳ್ಳಬೇಕು. ಇಂಥದ್ದನ್ನು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಒಬ್ಬರ ಎದುರು ಪರೀಕ್ಷಿಸಿಯೇ ಬಳಸಿ.

ಕಿವಿ ಕೇಳಿಸದ ತಾಯಿಗೆ ಅಳುವಿನ ಸದ್ದನ್ನು ಹಿಡಿದು ದೀಪ ಮಿನುಗಿಸುವ ಯಂತ್ರ ಹಗಲಿಗೆ ಸಾಕು, ನಿದ್ದೆಯಲ್ಲಿರುವವರಿಗೆ ದಿಂಬಿನಡಿಯ ಕಂಪನ ತಟ್ಟೆಯೇ ಬೇಕು. ವಿದ್ಯುತ್ ಹೋದರೂ ನಡೆಯುವಂತೆ ಬ್ಯಾಟರಿ ಇರಲಿ. ಕಣ್ಣು ಕಾಣದ ತಾಯಿಗೆ ಮಾತನಾಡುವ ಥರ್ಮಾಮೀಟರ್ ಉಪಯುಕ್ತ; ಔಷಧಿಗೆ ಮಾತ್ರ ಸರಳ ಉಪಾಯವೇ ಮೇಲೆಂದು ನನ್ನ ಅಭಿಪ್ರಾಯ. ಸಿರಿಂಜಿನ ಒಳಕೊಳವೆಯನ್ನು ನಿಗದಿತ ಪ್ರಮಾಣಕ್ಕೆ ಎಳೆದು, ಹೊರಕೊಳವೆಯ ಅಂಚಿಗೆ ಅದು ತಾಗುವಲ್ಲಿ ಔಷಧ ವಿತರಕರಿಂದ ಸಣ್ಣ ಕಚ್ಚು ಹಾಕಿಸಿಕೊಂಡರೆ ಉಗುರು ತಾಗಿದೊಡನೆ ಅಳತೆ ತಿಳಿಯುತ್ತದೆ. ಮಗುವಿನ ತೂಕ ಹೆಚ್ಚಿ ಪ್ರಮಾಣ ಬದಲಾದಾಗ ಹೊಸ ಸಿರಿಂಜಿಗೆ ಹೊಸ ಕಚ್ಚು ಹಾಕಿಸಿ, ಹಳೆಯದನ್ನು ಎಸೆದುಬಿಡಿ.

ಬರೆದಿಟ್ಟ ದಿನಚರಿ ವೈದ್ಯರ ಕೊಠಡಿಗೂ ಹೋಗಬೇಕು. ಬೆನ್ನುಹುರಿಗೆ ಎದೆಮಟ್ಟದ 6ನೇ ಕಶೇರು (ಬೆನ್ನುಮೂಳೆಯ ಮಣಿ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿರುವ ತಾಯಿಗೆ ಹೆರಿಗೆಯ ವೇಳೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಕಾಣಿಸಿಕೊಳ್ಳಬಹುದು: ರಕ್ತದೊತ್ತಡ ಥಟ್ಟನೆ ಏರಿ ತಲೆ ಸಿಡಿಯುತ್ತದೆ, ಪೆಟ್ಟಿನ ಮಟ್ಟಕ್ಕಿಂತ ಮೇಲೆ ಬೆವರೊಡೆಯುತ್ತದೆ. ಇದನ್ನು ಗರ್ಭಿಣಿಯರ ರಕ್ತದೊತ್ತಡದ ಕಾಯಿಲೆಯಾದ ಪ್ರೀಎಕ್ಲಾಂಪ್ಸಿಯಾ ಎಂದು ತಪ್ಪು ತಿಳಿಯುವ ಸಾಧ್ಯತೆಯಿದೆ, ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಅಪಾಯ. ಇಂಥ ತಾಯಂದಿರಿಗೆ ಹೆರಿಗೆ ನೋವು ಎಲ್ಲರಂತೆ ತಿಳಿಯದೆಯೂ ಇರಬಹುದು. ನಿಮ್ಮ ದೇಹ ಎಚ್ಚರಿಕೆ ಕೊಡುವ ರೀತಿ, ನಿಮ್ಮ ಎಂದಿನ ರಕ್ತದೊತ್ತಡ, ಎತ್ತುವಾಗ ಎಲ್ಲಿ ಹಿಡಿಯಬೇಕು ಎಂಬುದನ್ನು ಒಂದೇ ಪುಟದಲ್ಲಿ ಬರೆದು ಕಡತದ ಮೇಲ್ಭಾಗಕ್ಕೆ ಲಗತ್ತಿಸಲು ಹೇಳಿ, ಅರಿವಳಿಕೆ ತಜ್ಞರನ್ನು ಹೆರಿಗೆಗೆ ಮುನ್ನವೇ ಕಾಣಿರಿ. ವೈದ್ಯರು ಜೊತೆಗೆ ಬಂದವರನ್ನು ನೋಡಿ ಮಾತನಾಡತೊಡಗಿದರೆ, ಉತ್ತರ ಕೊಡುವವಳು ನಾನು ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡಿ.

ನೆರವಿಗೆ ಬರುವವರೊಡನೆ ಕೆಲಸ ಹಂಚಿಕೊಳ್ಳುವಾಗ ಎತ್ತುವುದು, ಒರೆಸುವುದು ಅವರದಾಗಲಿ, ಆದರೆ ಮಗುವಿನೊಡನೆ ಮಾತು, ನೋಟ, ಸ್ಪರ್ಶ ನಿಮ್ಮದಾಗಿಯೇ ಉಳಿಯಲಿ. ಸ್ನಾನ ಮಾಡಿಸುವವರು ಮಗುವಿನ ಮುಖವನ್ನು ನಿಮ್ಮತ್ತ ತಿರುಗಿಸಿ ಹಿಡಿಯಬೇಕು, ಅತ್ತಾಗ ಮೊದಲು ನಿಮ್ಮ ಮಡಿಲಿಗೆ ತಂದುಕೊಡಬೇಕು, ಏನು ತೊಡಿಸಲಿ ಎಂದು ನಿಮ್ಮನ್ನೇ ಕೇಳಬೇಕು. ಕೆಲಸವನ್ನು ಬೇಗ ಮುಗಿಸುವ ಭರದಲ್ಲಿ ಮಗುವನ್ನು ತಾಯಿಯಿಂದ ದೂರವಿಡುವ ಸಾಧನ ಎಷ್ಟೇ ಚೆನ್ನಾಗಿದ್ದರೂ ನಾನದನ್ನು ಶಿಫಾರಸು ಮಾಡಲಾರೆ. ಕ್ಯಾಮೆರಾ ಅಳವಡಿಸುವುದಾದರೆ ದೃಶ್ಯಗಳು ಯಾರಿಗೆ ಕಾಣುತ್ತವೆ, ಎಲ್ಲಿ ಉಳಿಯುತ್ತವೆ ಎಂದು ಕೇಳಿ ತಿಳಿಯಿರಿ, ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ.

ಮಗು ಮಗುಚಿಕೊಳ್ಳಲು, ತೆವಳಲು, ನಿಲ್ಲಲು ಕಲಿತಂತೆ ದಿನಚರಿಯನ್ನು ಹೊಸದಾಗಿ ಬರೆಯಬೇಕು, ಏಕೆಂದರೆ 3 ಕಿಲೋ ಮಗುವಿಗೆ ಸುರಕ್ಷಿತವಾಗಿದ್ದ ಪಟ್ಟಿ 8 ಕಿಲೋ ಮಗುವಿಗೆ ಸಾಲದು. ಪ್ರತಿ ಸಾಧನದ ತೂಕದ ಮಿತಿಯನ್ನು ಅದರ ಮೇಲೆಯೇ ದೊಡ್ಡ ಅಕ್ಷರದಲ್ಲೋ ಬ್ರೈಲ್‌ನಲ್ಲೋ ಅಂಟಿಸಿ, ಮಗುವಿನ ತೂಕ ಆ ಮಿತಿಯನ್ನು ಮುಟ್ಟುವ ಮೊದಲೇ ಮುಂದಿನ ಸಾಧನವನ್ನು ಪರೀಕ್ಷಿಸಿ ಇಟ್ಟುಕೊಳ್ಳಿ.